ದೊಡ್ಡ ತಳಿಯ ನಾಯಿಮರಿ: ಹಸುವಿನ ಕ್ಯಾಲ್ಸಿಯಂ ಬಾಟಲಿ ದೂರ ಇಡಿ



ತೋಟದ ಮನೆ ಅಂದ್ಮೇಲೆ ನಾಯಿ ಬೇಕೇ ಬೇಕು. ಕಾಯಿ ಕಳ್ಳರು, ಮೋಟಾರ್ ಕೇಬಲ್ ಕಳ್ಳರು, ರಾತ್ರಿಯಾದ್ರೆ ಹಂದಿ ಕಾಟ. ಮೊದಲೆಲ್ಲ ಊರ ನಾಯಿ ಮರಿಯನ್ನೇ ಎತ್ಕೊಂಡು ಬಂದು ಸಾಕ್ತಿದ್ದೆವು. ಈಗ ನಮ್ಮ ಹುಡುಗರು ಜರ್ಮನ್ ಶೆಫರ್ಡ್, ರಾಟ್‌ವೀಲರ್, ಲ್ಯಾಬ್ರಡಾರ್ ಅಂತ ದುಡ್ಡು ಕೊಟ್ಟು ತರ್ತಿದ್ದಾರೆ. ತರೋದು ತಪ್ಪಲ್ಲ. ಆದರೆ ಊರ ನಾಯಿಗೆ ಹಾಕಿದ ಹಾಗೆ ಇವಕ್ಕೆ ಊಟ ಹಾಕಿದ್ರೆ ಆಗಲ್ಲ. ಈ ಪಾಠ ನಾನು ಕಲಿತದ್ದು ನನ್ನದೇ ನಾಯಿಯ ಕಾಲು ಸೊಟ್ಟಗಾದ ಮೇಲೆ.

50 ದಿನದ ಜರ್ಮನ್ ಶೆಫರ್ಡ್ ಗಂಡು ಮರಿ ತಂದಾಗ ಅದರ ತೂಕ 6 ಕೆಜಿ. ಬೇಗ ದೊಡ್ಡದಾಗಲಿ, ಗೇಟಿನ ಹತ್ತಿರ ನಿಂತ್ರೆ ಜನ ಹೆದರಬೇಕು ಅನ್ನೋ ಆಸೆ ನನ್ನದು. ಪಪ್ಪಿ ಫೀಡ್ ಬಟ್ಟಲು ಖಾಲಿಯಾಗದ ಹಾಗೆ ಸುರೀತಿದ್ದೆ. ಅದರ ಮೇಲೆ ಹಾಲು, ದಿನಕ್ಕೆರಡು ಮೊಟ್ಟೆ. ಸಾಲದ್ದಕ್ಕೆ ಕೊಟ್ಟಿಗೆಯಲ್ಲಿ ಕರು ಹಾಕಿದ ಹಸುಗೆ ತಂದಿದ್ದ ಕ್ಯಾಲ್ಸಿಯಂ ಟಾನಿಕ್ ಇತ್ತಲ್ಲ, ಮೂಳೆ ಗಟ್ಟಿಯಾಗುತ್ತೆ ಅಂತ ಅದನ್ನೂ ದಿನಾ ಎರಡು ಚಮಚ. ನಾಲ್ಕೂವರೆ ತಿಂಗಳಿಗೆ ಮರಿ 23 ಕೆಜಿ ಆಯ್ತು. ಆ ವಯಸ್ಸಿನ ಜರ್ಮನ್ ಶೆಫರ್ಡ್ ಸಾಮಾನ್ಯವಾಗಿ 15ರಿಂದ 18 ಕೆಜಿ ಇರುತ್ತೆ. ನೋಡಿದವರೆಲ್ಲ ಕರಡಿ ಮರಿ ಇದ್ದಂಗಿದೆ ಅಂತ ಹೊಗಳಿದ್ರು, ನಾನೂ ಬೀಗಿದೆ. ಐದು ತಿಂಗಳಿಗೆ ಮುಂಗಾಲು ಎರಡೂ ಹೊರಕ್ಕೆ ತಿರುಗಿದ್ವು. ಎದ್ದೇಳುವಾಗ ಮುಲುಗುತ್ತಿತ್ತು.

ಎಕ್ಸ್‌ರೇ ನೋಡಿದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಕ್ಯಾಲ್ಸಿಯಂ ಕೊಡ್ತಿದ್ದೀರಾ?" ಕಡಿಮೆ ಆಯ್ತೇನೋ, ಇನ್ನೂ ಕೊಡಿ ಅಂತಾರೆ ಅಂದ್ಕೊಂಡೆ. ಅವರು ಇವತ್ತಿಂದಲೇ ನಿಲ್ಲಿಸಿ ಅಂದ್ರು.

ಕಾರಣ ಇಷ್ಟು. ಬೆಳೆದ ನಾಯಿಗೆ ಕ್ಯಾಲ್ಸಿಯಂ ಹೆಚ್ಚಾದ್ರೆ ಅದರ ಕರುಳು ಬೇಕಾದಷ್ಟೇ ಹೀರಿಕೊಂಡು ಉಳಿದದ್ದನ್ನ ಹೊರಗೆ ಹಾಕುತ್ತೆ. ಸುಮಾರು ಆರು ತಿಂಗಳವರೆಗಿನ ಮರಿಗೆ ಆ ಹಿಡಿತ ಇರೋದಿಲ್ಲ. ಹಾಕಿದ್ದರಲ್ಲಿ ದೊಡ್ಡ ಪಾಲು ಒಳಗೇ ಹೋಗುತ್ತೆ. ಮೂಳೆಯ ತುದಿಯಲ್ಲಿ ಮೃದ್ವಸ್ಥಿ ಇದ್ದು, ಅದು ಹಂತಹಂತವಾಗಿ ಮೂಳೆಯಾಗಬೇಕು. ಕ್ಯಾಲ್ಸಿಯಂ ಅತಿಯಾದ್ರೆ ಈ ಕೆಲಸವೇ ಏರುಪೇರಾಗುತ್ತೆ. ಮುಂಗಾಲಿನಲ್ಲಿ ಜೋಡಿ ಮೂಳೆಗಳಿವೆ. ಒಂದರ ಬೆಳವಣಿಗೆ ಹಿಂದೆ ಬಿದ್ದು ಇನ್ನೊಂದು ಬೆಳೀತಾ ಹೋದ್ರೆ ಕಾಲು ಬಿಲ್ಲಿನ ಥರ ಬಾಗುತ್ತೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಇರೋ ಆಹಾರ ಕೊಟ್ಟು ನೋಡಿದಾಗ ಇಂಥ ಮೂಳೆ ದೋಷಗಳೇ ಕಂಡುಬಂದವು. ಇದರ ಜೊತೆ ಮೈತೂಕವೂ ಹೆಚ್ಚಿದ್ರೆ, ಇನ್ನೂ ಎಳೆಯದಾಗಿರೋ ಕೀಲಿನ ಮೇಲೆ ಮೂಟೆ ಹೊರಿಸಿದ ಹಾಗೆ. ಸೊಂಟದ ಕೀಲು ಸಡಿಲ ಇರೋ ತಳಿಗಳಿಗಂತೂ ಇದು ಇನ್ನೂ ಕೆಟ್ಟದ್ದು.

ಪ್ರೋಟೀನ್ ಜಾಸ್ತಿಯಾಗಿ ಕಾಲು ಸೊಟ್ಟ ಆಗುತ್ತೆ ಅಂತ ಕೆಲವರು ಮಾಂಸ, ಮೊಟ್ಟೆ ಪೂರ್ತಿ ನಿಲ್ಲಿಸ್ತಾರೆ. ಅದು ತಪ್ಪು ತಿಳುವಳಿಕೆ. ತೊಂದರೆ ಬರೋದು ಒಟ್ಟು ಕ್ಯಾಲೊರಿ ಮತ್ತು ಕ್ಯಾಲ್ಸಿಯಂ ಅತಿಯಾದಾಗ. ಪ್ರೋಟೀನ್ ಮರಿಗೆ ಬೇಕು.

ಎಷ್ಟು ಹಾಕಬೇಕು? ಮೊಬೈಲ್ ತೆಗೀರಿ

ಮೊದಲು ತೂಕ. ಕೊಬ್ಬರಿ, ಅಡಿಕೆ ತೂಗೋ ಯಂತ್ರ ಇದ್ರೆ ಮರಿಯನ್ನ ಎತ್ಕೊಂಡು ನೀವೇ ಹತ್ತಿ, ಆಮೇಲೆ ನಿಮ್ಮ ತೂಕ ಕಳೀರಿ. ಈಗ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಮರಿಯ ತೂಕವನ್ನ ಅದರಿಂದಲೇ ಗುಣಿಸಿ, ಬಂದದ್ದನ್ನ ಮತ್ತೊಮ್ಮೆ ಅದೇ ತೂಕದಿಂದ ಗುಣಿಸಿ. ಆಮೇಲೆ ವರ್ಗಮೂಲದ ಗುಂಡಿಯನ್ನ ಎರಡು ಸಲ ಒತ್ತಿ. ಬಂದ ಸಂಖ್ಯೆಯನ್ನ 70ರಿಂದ ಗುಣಿಸಿ. ಇದು ಮರಿ ಸುಮ್ಮನೆ ಮಲಗಿದ್ರೂ ಬೇಕಾಗೋ ಕ್ಯಾಲೊರಿ. ನಾಲ್ಕು ತಿಂಗಳ ಒಳಗಿನ ಮರಿಗೆ ಇದರ ಮೂರು ಪಟ್ಟು, ಅದರ ಮೇಲಿನದಕ್ಕೆ ಎರಡು ಪಟ್ಟು ಒಂದು ದಿನದ ಲೆಕ್ಕ.

ಐದು ತಿಂಗಳ, 16 ಕೆಜಿ ಮರಿ ಅಂತಿಟ್ಕೊಳ್ಳಿ. 16, 16, 16 ಗುಣಿಸಿದ್ರೆ 4096. ಒಂದು ಸಲ ಒತ್ತಿದ್ರೆ 64, ಇನ್ನೊಂದು ಸಲಕ್ಕೆ 8. ಎಂಟು ಎಪ್ಪತ್ತಲಿ 560. ಎರಡು ಪಟ್ಟು ಅಂದ್ರೆ 1120 ಕ್ಯಾಲೊರಿ. ಒಣ ಫೀಡಿನಲ್ಲಿ 100 ಗ್ರಾಂಗೆ ಸುಮಾರು 370 ಕ್ಯಾಲೊರಿ ಇದ್ರೆ (ಚೀಲದ ಮೇಲೆ ಬರೆದಿರ್ತಾರೆ, ನೋಡಿ) ದಿನಕ್ಕೆ 300 ಗ್ರಾಂ ಸಾಕು. ನಾನು ಹಾಕ್ತಿದ್ದದ್ದು ಇದರ ಎರಡರಷ್ಟು ಇದ್ದಿರಬೇಕು, ಅಳತೆ ಮಾಡಿದವರು ಯಾರು!

ಈಗ ಕ್ಯಾಲ್ಸಿಯಂ ಲೆಕ್ಕ. ಬೆಳೆಯೋ ಮರಿಗೆ 1000 ಕ್ಯಾಲೊರಿ ಊಟಕ್ಕೆ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಬೇಕು. ಅಂದ್ರೆ ಈ ಮರಿಗೆ ದಿನಕ್ಕೆ ಸುಮಾರು 3.4 ಗ್ರಾಂ. ಫೀಡಿನಲ್ಲಿ ಶೇ 1.2 ಕ್ಯಾಲ್ಸಿಯಂ ಇದ್ರೆ 300 ಗ್ರಾಂನಲ್ಲಿ 3.6 ಗ್ರಾಂ ಬಂದೇ ಬಿಡ್ತು. ಇನ್ನು ಟಾನಿಕ್‌ಗೆ ಜಾಗ ಎಲ್ಲಿದೆ? ಆ ಬಾಟಲಿ ಮೇಲಿನ ಪ್ರಮಾಣ ಹಸು ಎಮ್ಮೆಗೆ ಬರೆದದ್ದು. ಖನಿಜ ಮಿಶ್ರಣದ ಪುಡಿಯೂ ಹಾಗೇ.

ಫೀಡ್ ತಗೊಳ್ಳುವಾಗ "ಲಾರ್ಜ್ ಬ್ರೀಡ್ ಪಪ್ಪಿ" ಅಂತ ಇರೋದನ್ನೇ ಕೇಳಿ. ಚೀಲ ತಿರುಗಿಸಿ ಕ್ಯಾಲ್ಸಿಯಂ ಎಷ್ಟಿದೆ ಓದಿ. ಶೇ 1ರಿಂದ 1.5ರ ಒಳಗಿದ್ರೆ ಒಳ್ಳೇದು, 1.8 ದಾಟಿದ್ರೆ ವಾಪಸ್ ಇಡಿ.

ಮನೆ ಊಟ ಹಾಕಬಾರದಾ?

ಇದನ್ನ ಎಲ್ಲರೂ ಕೇಳ್ತಾರೆ, ಚೀಲದ ರೇಟ್ ನೋಡಿದ್ರೆ ಕೇಳೋದು ನ್ಯಾಯವೇ. ಮನೆ ಊಟದಲ್ಲಿ ಕಷ್ಟ ಉಲ್ಟಾ ಆಗುತ್ತೆ. 100 ಗ್ರಾಂ ರಾಗಿ ಹಿಟ್ಟು, 100 ಗ್ರಾಂ ಅಕ್ಕಿ, ಕಾಲು ಕೆಜಿ ಮೂಳೆಯಿಲ್ಲದ ಕೋಳಿ, ಒಂದು ಮೊಟ್ಟೆ ಸೇರಿಸಿದ್ರೆ ಹತ್ತಿರ ಹತ್ತಿರ 1100 ಕ್ಯಾಲೊರಿ ಆಗುತ್ತೆ. ಕ್ಯಾಲ್ಸಿಯಂ? ರಾಗಿಯಲ್ಲಿ ಸುಮಾರು 0.35 ಗ್ರಾಂ. ರಾಗಿಯನ್ನ ನಾವು ಹೊಗಳೋದು ಸುಮ್ಮನಲ್ಲ, ಬೇರೆ ಧಾನ್ಯಕ್ಕಿಂತ ಇದರಲ್ಲಿ ಎಷ್ಟೋ ಪಟ್ಟು ಹೆಚ್ಚು ಕ್ಯಾಲ್ಸಿಯಂ ಇದೆ. ಆದ್ರೂ ಎಲ್ಲ ಸೇರಿಸಿ 0.4 ಗ್ರಾಂ ದಾಟಲ್ಲ. ಬೇಕಾದದ್ದು 3.4. ಬರೀ ಅನ್ನ-ಮಾಂಸ ತಿಂದ ಮರಿಗಳ ಮೂಳೆ ಟೊಳ್ಳಾಗಿ, ಸಣ್ಣ ಜಿಗಿತಕ್ಕೇ ಮುರಿಯೋದು ಇದರಿಂದ.

ಮೊಟ್ಟೆ ಚಿಪ್ಪಿನ ಪುಡಿ ಹಾಕಿದ್ರಾಯ್ತು ಅಂತೀರಾ? ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದ್ರೆ ಅದರಲ್ಲಿ ರಂಜಕ ಇಲ್ಲದಷ್ಟೇ. ಮೇಲಿನ ಊಟದಲ್ಲಿ ರಂಜಕ ಸುಮಾರು 1 ಗ್ರಾಂ ಮಾತ್ರ. ಇವೆರಡೂ ಒಂದಕ್ಕೊಂದು ತೂಕವಾಗಿರಬೇಕು: ರಂಜಕ 1 ಇದ್ರೆ ಕ್ಯಾಲ್ಸಿಯಂ 1ರಿಂದ ಒಂದೂವರೆ ಇರಲಿ, ಎರಡನ್ನ ದಾಟಬಾರದು. ಚಿಪ್ಪಿನ ಪುಡಿಯಿಂದಲೇ ತುಂಬಿಸಿದ್ರೆ ಅದು ಮೂರಾಗುತ್ತೆ. ಹಾಗಾಗಿ ಪೂರ್ತಿ ಮನೆ ಊಟದಲ್ಲೇ ಬೆಳೆಸ್ತೀನಿ ಅನ್ನೋರು ಪಶುವೈದ್ಯರ ಹತ್ತಿರ ಲೆಕ್ಕ ಬರೆಸ್ಕೊಳ್ಳಿ, ಯಾವ ಪುಡಿ, ಎಷ್ಟು ಗ್ರಾಂ ಅಂತ. ಅಂದಾಜಿನ ಮೇಲೆ ಬೇಡ. ನನ್ನ ಅಭಿಪ್ರಾಯ ಕೇಳಿದ್ರೆ, ಬೆಳವಣಿಗೆ ಮುಗಿಯೋ 15-18 ತಿಂಗಳವರೆಗೆ ಫೀಡೇ ಮುಖ್ಯವಾಗಿರಲಿ. ಮುದ್ದೆ, ಮೊಸರನ್ನ, ಮೊಟ್ಟೆ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲಿ ಒಂದು ಪಾಲು ಮೀರದಿರಲಿ, ಅಷ್ಟಕ್ಕೆ ಫೀಡ್ ಕಡಿಮೆ ಮಾಡಿ.

ಉಳಿದ ಸಾಂಬಾರ್ ಸುರಿಯೋ ಅಭ್ಯಾಸ ಮಾತ್ರ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ ಬೆಳೆಯೋರು ಇನ್ನೂ ಹುಷಾರು, ದ್ರಾಕ್ಷಿ ಒಣದ್ರಾಕ್ಷಿ ಕಿಡ್ನಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತೆ.

ಕೈ ಮುಷ್ಟಿಯ ಪರೀಕ್ಷೆ

ಲೆಕ್ಕ ಬರೀ ಶುರುವಿಗೆ. ಒಂದೊಂದು ಮರಿ ಒಂದೊಂದು ಥರ, ಆಮೇಲೆ ಕೈಯೇ ತಕ್ಕಡಿ. ಎಡಗೈ ಮುಷ್ಟಿ ಮಾಡಿ ಗೆಣ್ಣುಗಳ ಮೇಲೆ ಬಲಗೈ ಬೆರಳಾಡಿಸಿ. ಮರಿಯ ಪಕ್ಕೆಲುಬು ಹಾಗೆ ಸಿಕ್ಕಿದ್ರೆ ತೀರಾ ಬಡಕಲು. ಈಗ ಅಂಗೈ ಮೇಲೆ ಮಾಡಿ, ಬೆರಳುಗಳ ಬುಡದ ದಪ್ಪ ಭಾಗ ಮುಟ್ಟಿ. ಹಾಗಿದ್ರೆ ಕೊಬ್ಬು ಹೆಚ್ಚು. ಕೈ ಚಾಚಿ ಹಿಂಗೈ ಸವರಿದ್ರೆ ಹೇಗೆ ಮೂಳೆ ತೆಳ್ಳಗೆ ತಾಕುತ್ತೋ, ಪಕ್ಕೆ ಹಾಗೇ ತಾಕಬೇಕು. ಮೇಲಿಂದ ನೋಡಿದ್ರೆ ಸೊಂಟ ಕಾಣಬೇಕು. ಪ್ರತಿ ಭಾನುವಾರ ಒಂದು ಫೋಟೊ ಮೇಲಿಂದ, ಒಂದು ಪಕ್ಕದಿಂದ ತೆಗೆದಿಟ್ಕೊಳ್ಳಿ, ದಿನಾ ನೋಡೋ ಕಣ್ಣಿಗೆ ಬದಲಾವಣೆ ಗೊತ್ತಾಗಲ್ಲ. ಹೊಟ್ಟೆ ಮಾತ್ರ ಉಬ್ಬಿ ಪಕ್ಕೆ ಕಾಣ್ತಿದ್ರೆ ಅದು ಊಟ ಹೆಚ್ಚಾಗಿದ್ದಲ್ಲ, ಜಂತುಹುಳ ಇರಬಹುದು. ಮದ್ದು ಹಾಕಿಸಿ.

ತೆಳ್ಳಗಿದ್ರೆ ಜನ ಆಡ್ಕೊಳ್ತಾರೆ ಅನ್ನೋರಿಗೆ ಒಂದು ವಿಷಯ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಮರಿಯಿಂದ ಸಾಯೋತನಕ ಶೇ 25 ಕಡಿಮೆ ಊಟ ಕೊಟ್ಟರು. 2002ರಲ್ಲಿ ಫಲಿತಾಂಶ ಪ್ರಕಟವಾಯ್ತು. ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಕೀಲುನೋವೂ ತಡವಾಗಿ ಬಂತು. ನಮ್ಮ ಮುಧೋಳ ನಾಯಿಯನ್ನೇ ನೋಡಿ, ಪಕ್ಕೆ ಎಣಿಸೋ ಹಾಗಿದ್ರೂ ಮೊಲದ ಹಿಂದೆ ಬಿದ್ರೆ ಹೇಗೆ ಓಡುತ್ತೆ.

ನಾಲ್ಕು ತಿಂಗಳವರೆಗೆ ದಿನದ ಪಾಲನ್ನ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು ಹೊತ್ತು ಮಾಡಿ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ರೆ ಬಟ್ಟಲು ಎತ್ತಿಬಿಡಿ, ನೀರು ಮಾತ್ರ ಸದಾ ಇರಲಿ. ತಿಂದ ತಕ್ಷಣ ಓಡಿಸಬೇಡಿ. ಎದೆಗೂಡು ಆಳವಿರೋ ತಳಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಇದೆ.

ನನ್ನ ನಾಯಿಗೆ ಟಾನಿಕ್ ನಿಲ್ಲಿಸಿ, ಫೀಡ್ ತೂಗಿ ಹಾಕೋಕೆ ಶುರು ಮಾಡಿದ ಮೇಲೆ ಎರಡು ತಿಂಗಳಲ್ಲಿ ಎಡಗಾಲು ನೆಟ್ಟಗಾಯ್ತು. ಬಲಗಾಲು ಈಗಲೂ ಸ್ವಲ್ಪ ಹೊರಕ್ಕೇ ಇದೆ. ನಾನು ಹೋದದ್ದೇ ತಡ ಅಂತ ಡಾಕ್ಟರ್ ಬೈದ್ರು. ನಿಮ್ಮ ಮರಿ ಕುಂಟಿದ್ರೆ, ಪಾದ ಹೊರಗೆ ತಿರುಗಿದ್ರೆ, ಮಣಿಕಟ್ಟು ಊದಿದ್ರೆ ಒಂದು ವಾರ ನೋಡೋಣ ಅನ್ಬೇಡಿ. ಅಲ್ಲೀವರೆಗೆ ಅಂತ ಮನೆಯಲ್ಲಿರೋ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆ ಅರ್ಧ ಮುರಿದು ಕೊಡೋರಿದ್ದಾರೆ. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಮರಿಯನ್ನ ಓಡಾಡಿಸದೆ ಒಂದು ಕಡೆ ಕಟ್ಟಿ, ಫೀಡ್ ಚೀಲದ ಲೇಬಲ್ ಮತ್ತು ಕೊಡ್ತಿದ್ದ ಟಾನಿಕ್ ಬಾಟಲಿಯ ಫೋಟೊ ತಗೊಂಡು ಪಶುವೈದ್ಯರ ಹತ್ತಿರ ಹೊರಡಿ.