ಪೃಥ್ವಿಯ ಕಾವಲು

ಊರಿನ ಕೆರೆ ಒಬ್ಬನದಲ್ಲ, ಊರಿನವರೆಲ್ಲರದು. ಅದರ ಏರಿ ಒಡೆದರೆ ನಷ್ಟ ಎಲ್ಲರಿಗೂ ತಪ್ಪದು. ಆದರೂ ಏರಿಯನ್ನು ಕಾಯುವ ಹೊಣೆ ಯಾರದೆಂದು ಗೊತ್ತುಪಡಿಸದಿದ್ದರೆ ಒಬ್ಬರೂ ಗುದ್ದಲಿಯನ್ನು ಹಿಡಿಯುವುದಿಲ್ಲ. ಆದುದರಿಂದಲೇ ಹಿರಿಯರು ನೀರನ್ನು ಹಂಚಲು ನೀರುಗಂಟಿಯನ್ನು ನೇಮಿಸಿದರು. ಹೂಳೆತ್ತುವುದಕ್ಕೆ ಕಟ್ಟಳೆಗಳನ್ನು ಮಾಡಿದರು. ಭೂಮಂಡಲವನ್ನು ಆವರಿಸಿರುವ ವಾಯು, ಖಂಡಗಳನ್ನು ಬಳಸಿರುವ ಸಾಗರ ಇವೂ ಕೆರೆಯಂತೆ ಎಲ್ಲರ ಸ್ವತ್ತು. ಆದರೆ ಇವುಗಳಿಗೆ ನೀರುಗಂಟಿ ಯಾರು? ಜಗತ್ತಿಗೆಲ್ಲ ಒಂದೇ ಸರ್ಕಾರವಿಲ್ಲ. ಪ್ರತಿಯೊಂದು ರಾಷ್ಟ್ರವೂ ಸ್ವತಂತ್ರ. ತಾನು ಒಪ್ಪದ ನಿಯಮಕ್ಕೆ ಅದು ತಲೆಬಾಗಬೇಕಾಗಿಲ್ಲ. ಇಂತಹ ರಾಷ್ಟ್ರಗಳನ್ನು ಒಂದೇ ಕಟ್ಟಳೆಗೆ ಒಳಪಡಿಸುವುದು ಹೇಗೆ ಎಂಬುದು ಮಾನವಕುಲದ ಮುಂದಿರುವ ಕಠಿಣ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ವಿಶ್ವಸಂಸ್ಥೆಯು 1972ರ ಜೂನ್ ತಿಂಗಳಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಒಂದು ಸಮ್ಮೇಳನವನ್ನು ಕರೆಯಿತು. 113 ರಾಷ್ಟ್ರಗಳ ಪ್ರತಿನಿಧಿಗಳು ಅಲ್ಲಿ ನೆರೆದಿದ್ದರು. ಭಾರತದ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಅಲ್ಲಿ ಮಾತನಾಡಿ, ಬಡತನದ ನಿವಾರಣೆಯನ್ನು ಮರೆತು ಪರಿಸರವನ್ನು ರಕ್ಷಿಸಲಾಗದೆಂದು ಒತ್ತಿ ಹೇಳಿದರು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೆಂಬ ಅಂಗವು ಸ್ಥಾಪಿತವಾಯಿತು. ಆಫ್ರಿಕಾ ಖಂಡದ ನೈರೋಬಿ ಅದರ ಕೇಂದ್ರಸ್ಥಾನವಾಯಿತು.

ಆದರೆ ಈ ಸಂಸ್ಥೆಗೆ ದೊರೆತ ಅಧಿಕಾರ ಅಲ್ಪ. ಅದು ಮಾಹಿತಿಯನ್ನು ಕಲೆಹಾಕಬಹುದು, ಸಲಹೆ ನೀಡಬಹುದು, ರಾಷ್ಟ್ರಗಳನ್ನು ಮಾತುಕತೆಗೆ ಕರೆಯಬಹುದು, ಆಜ್ಞಾಪಿಸುವಂತಿಲ್ಲ. ಅದರ ಆದಾಯದ ಬಹುಭಾಗ ರಾಷ್ಟ್ರಗಳು ಸ್ವಇಚ್ಛೆಯಿಂದ ಕೊಟ್ಟ ಹಣ. ಅದರ ಆಡಳಿತ ಮಂಡಲಿಯಲ್ಲಿ ಸ್ಥಾನವಿದ್ದದ್ದು 58 ರಾಷ್ಟ್ರಗಳಿಗೆ ಮಾತ್ರ. ಕಾವಲುಗಾರನ ಕೈಗೆ ಲಾಂದ್ರವನ್ನು ಕೊಟ್ಟರು, ಕೋಲನ್ನು ಕೊಡಲಿಲ್ಲ.

ಆ ಲಾಂದ್ರದ ಬೆಳಕೂ ವ್ಯರ್ಥವಾಗಲಿಲ್ಲ. ವಾಯುಮಂಡಲದ ಮೇಲ್ಭಾಗದಲ್ಲಿರುವ ಓಜೋನ್ ಅನಿಲದ ಪದರವು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ಜೀವಿಗಳನ್ನು ಕಾಪಾಡುತ್ತದೆ. ಶೀತಕ ಯಂತ್ರಗಳಲ್ಲಿಯೂ ತುಂತುರು ಡಬ್ಬಿಗಳಲ್ಲಿಯೂ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಎಂಬ ರಾಸಾಯನಿಕಗಳು ಈ ಪದರವನ್ನು ನಾಶಗೊಳಿಸಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಎಚ್ಚರಿಸಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್‌ಟಿಕಾದ ಮೇಲೆ ಪ್ರತಿ ವಸಂತದಲ್ಲಿ ಓಜೋನ್ ಬಹಳವಾಗಿ ಕುಗ್ಗುತ್ತಿರುವುದನ್ನು ಪ್ರಕಟಿಸಿದರು. ಪರಿಸರ ಕಾರ್ಯಕ್ರಮದ ಅಂದಿನ ಮುಖ್ಯಸ್ಥರಾಗಿದ್ದ ಈಜಿಪ್ಟಿನ ಮುಸ್ತಫಾ ತೋಲ್ಬಾ ಅವರು ರಾಷ್ಟ್ರಗಳ ನಡುವೆ ಸಂಧಾನ ನಡೆಸಿದರು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು.

ಆಗ ನ್ಯಾಯದ ಪ್ರಶ್ನೆ ಎದ್ದಿತು. ಈ ರಾಸಾಯನಿಕಗಳನ್ನು ಬಹುಮಟ್ಟಿಗೆ ಬಳಸಿದವರು ಶ್ರೀಮಂತ ರಾಷ್ಟ್ರಗಳವರು. ಅವುಗಳನ್ನು ತ್ಯಜಿಸುವ ವೆಚ್ಚವನ್ನು ಬಡರಾಷ್ಟ್ರಗಳೇಕೆ ಹೊರಬೇಕು? ಭಾರತವೂ ಚೀನಾವೂ ಹೀಗೆ ಕೇಳಿ ಒಪ್ಪಂದದಿಂದ ದೂರ ನಿಂತವು. ಅವರ ವಾದದಲ್ಲಿ ಹುರುಳಿತ್ತು. 1990ರಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆಯು ಬಡರಾಷ್ಟ್ರಗಳ ನೆರವಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿತು. ಅದರ ಕಾರ್ಯಕಾರಿ ಸಮಿತಿಯಲ್ಲಿ ಮುಂದುವರಿದ ರಾಷ್ಟ್ರಗಳಿಗೆ 7, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ 7 ಸ್ಥಾನಗಳು ದೊರೆತವು. ಹಣ ಕೊಡುವವನ ಮಾತಿಗೂ ಪಡೆಯುವವನ ಮಾತಿಗೂ ಸಮಾನ ತೂಕ ಬಂದಿತು. 1992ರಲ್ಲಿ ಭಾರತವು ಒಪ್ಪಂದವನ್ನು ಸೇರಿತು.

ಈ ಒಪ್ಪಂದಕ್ಕೆ ಇನ್ನೆರಡು ಬಲಗಳಿದ್ದವು. ಹೊರಗುಳಿದ ರಾಷ್ಟ್ರಗಳೊಡನೆ ಈ ರಾಸಾಯನಿಕಗಳ ವ್ಯಾಪಾರ ನಡೆಸಬಾರದೆಂಬ ನಿಯಮ ಒಂದು. ವಿಜ್ಞಾನ ಬೆಳೆದಂತೆ ಕಟ್ಟಳೆಯನ್ನು ಬಿಗಿಗೊಳಿಸಬಹುದು, ಸರ್ವಸಮ್ಮತಿ ದೊರೆಯದಿದ್ದರೆ ಬಹುಮತದಿಂದ ಹಾಗೆ ಮಾಡಬಹುದು ಎಂಬುದು ಇನ್ನೊಂದು. ಇಂದು 198 ಪಕ್ಷಗಳು ಇದಕ್ಕೆ ಬದ್ಧವಾಗಿವೆ. ನಿಷೇಧಿತ ರಾಸಾಯನಿಕಗಳಲ್ಲಿ ನೂರಕ್ಕೆ ಸುಮಾರು 99 ಭಾಗ ಬಳಕೆಯಿಂದ ತೊಲಗಿದೆ. ಅಂಟಾರ್ಕ್‌ಟಿಕಾದ ಮೇಲಿನ ಓಜೋನ್ ಸುಮಾರು 2066ರ ವೇಳೆಗೆ 1980ರ ಮಟ್ಟಕ್ಕೆ ಮರಳಬಹುದೆಂದು 2023ರಲ್ಲಿ ಪ್ರಕಟವಾದ ವೈಜ್ಞಾನಿಕ ವರದಿ ತಿಳಿಸಿತು.

ಹಾಗಾದರೆ ಇತರ ಸಂಕಟಗಳಿಗೂ ಇದೇ ಮದ್ದನ್ನು ಏಕೆ ಬಳಸಬಾರದು? ಪ್ರಯತ್ನಗಳು ನಡೆದಿವೆ. 2012ರಲ್ಲಿ ಬ್ರೆಜಿಲ್ಲಿನ ರಿಯೋ ನಗರದಲ್ಲಿ ರಾಷ್ಟ್ರಗಳು ಪರಿಸರ ಕಾರ್ಯಕ್ರಮವನ್ನು ಬಲಪಡಿಸಲು ನಿಶ್ಚಯಿಸಿದವು. 58 ಸದಸ್ಯರ ಮಂಡಲಿಯ ಬದಲು ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಕೂಡುವ ಪರಿಸರ ಮಹಾಸಭೆಯು 2014ರಲ್ಲಿ ನೈರೋಬಿಯಲ್ಲಿ ಮೊದಲ ಬಾರಿಗೆ ಸೇರಿತು. ಬಾಗಿಲು ಅಗಲವಾಯಿತು, ಆದರೆ ಬೊಕ್ಕಸದ ದುರ್ಬಲತೆ ನೀಗಲಿಲ್ಲ. ಪ್ಲಾಸ್ಟಿಕ್ ಮಾಲಿನ್ಯವನ್ನು ತಡೆಯುವ ಒಪ್ಪಂದವನ್ನು ರಚಿಸಬೇಕೆಂದು ಈ ಮಹಾಸಭೆ 2022ರಲ್ಲಿ ನಿರ್ಣಯಿಸಿತು. ಪ್ಲಾಸ್ಟಿಕ್ಕಿನ ಉತ್ಪಾದನೆಗೇ ಮಿತಿ ಹಾಕಬೇಕೆಂದು ಹಲವು ರಾಷ್ಟ್ರಗಳು ಕೇಳಿದವು; ಕೆಲವು ರಾಷ್ಟ್ರಗಳು ಒಪ್ಪಲಿಲ್ಲ. ಎಲ್ಲರೂ ಒಪ್ಪಿದರಷ್ಟೇ ಮುಂದುವರಿಯುವ ಪದ್ಧತಿಯಿಂದಾಗಿ, 2025ರ ಆಗಸ್ಟ್ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಸಭೆಯೂ ಒಪ್ಪಂದವಿಲ್ಲದೆ ಮುಗಿಯಿತು.

ಓಜೋನಿನ ಕಥೆಯೂ ಪ್ಲಾಸ್ಟಿಕ್ಕಿನ ಕಥೆಯೂ ಒಂದೇ ಪಾಠವನ್ನು ಹೇಳುತ್ತವೆ. ಸದುದ್ದೇಶವೊಂದೇ ಭೂಮಿಯನ್ನು ಕಾಯಲಾರದು. ಹೊರೆಯನ್ನು ಶಕ್ತಿಗೆ ತಕ್ಕಂತೆ ಹಂಚುವ ನ್ಯಾಯ, ಅನುಭವದಿಂದ ಬಿಗಿಗೊಳ್ಳುವ ನಿಯಮ, ನಿಶ್ಚಿತವಾದ ನಿಧಿ ಈ ಮೂರೂ ಕೂಡಿದಾಗ ಸ್ವತಂತ್ರ ರಾಷ್ಟ್ರಗಳು ತಾವಾಗಿಯೇ ಕಟ್ಟಳೆಗೆ ಒಳಪಡುತ್ತವೆ. ಸಂಸ್ಥೆಗಳು ಮನುಷ್ಯರು ಕಟ್ಟಿದವು. ಅವುಗಳನ್ನು ತಿದ್ದುವ ಶಕ್ತಿಯೂ ಮನುಷ್ಯರಲ್ಲಿಯೇ ಇದೆ.

ಅಭ್ಯಾಸ

1. ವಾಯು ಮತ್ತು ಸಾಗರಗಳನ್ನು ಊರಿನ ಕೆರೆಗೆ ಹೋಲಿಸಿರುವುದೇಕೆ?
2. ‘ಲಾಂದ್ರವನ್ನು ಕೊಟ್ಟರು, ಕೋಲನ್ನು ಕೊಡಲಿಲ್ಲ’ ಈ ಮಾತನ್ನು ವಿವರಿಸಿರಿ.
3. ಮಾಂಟ್ರಿಯಲ್ ಒಪ್ಪಂದವು ಸಫಲವಾದುದಕ್ಕೆ ಕಾರಣಗಳೇನು?