ಬೇರೆ ಅಪ್ಲಿಕೇಶನ್‌ಗಳ ಕೀಲಿಯೊತ್ತು ಗುರುತಿಸುವವರಿಗೆ

ಕಲಬುರಗಿಯ ಡಿಟಿಪಿ ಕೇಂದ್ರದಲ್ಲಾಗಲಿ, ಕಮಲಾಪುರದ ಝೆರಾಕ್ಸ್ ಅಂಗಡಿಯಲ್ಲಾಗಲಿ, ನುಡಿ ತಂತ್ರಾಂಶ ಚಾಲೂ ಇದ್ದರೆ ಸ್ಕ್ರೋಲ್ ಲಾಕ್ ಒತ್ತಿದೊಡನೆ ವರ್ಡ್‌ನಲ್ಲೂ ಪೇಜ್‌ಮೇಕರ್‌ನಲ್ಲೂ ಕನ್ನಡ ಮೂಡುತ್ತದೆ. ಹೀಗೆ ಹಿನ್ನೆಲೆಯಲ್ಲಿದ್ದೇ ಬೇರೆ ಅಪ್ಲಿಕೇಶನ್‌ಗಳ ಕೀಲಿಯೊತ್ತು ಗುರುತಿಸುವ ಪ್ರೋಗ್ರಾಂ ಬರೆಯುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು.

ಒಂದೆರಡು ಶಾರ್ಟ್‌ಕಟ್ ಸಾಕಾದರೆ ವಿಂಡೋಸ್‌ನ ‘ರಿಜಿಸ್ಟರ್ ಹಾಟ್‌ಕೀ’ ಬಳಸುವುದೇ ಒಳಿತು. ಉಳಿದ ಕೀಲಿಗಳ ಗೊಡವೆ ಇರುವುದಿಲ್ಲ. ಅದೇ ಶಾರ್ಟ್‌ಕಟ್ ಅನ್ನು ಬೇರೊಂದು ಪ್ರೋಗ್ರಾಂ ಮೊದಲೇ ನೋಂದಾಯಿಸಿದ್ದರೆ ಕರೆ ವಿಫಲವಾಗುತ್ತದೆ; ಆಗ ಬಳಕೆದಾರರಿಗೆ ಬೇರೆ ಕೀಲಿ ಆರಿಸಲು ಬಿಡಬೇಕು.

ಪ್ರತಿ ಕೀಲಿಯೂ ಬೇಕಾದಾಗ ಮಾತ್ರ ಕೀಬೋರ್ಡ್ ಹುಕ್ ಹಾಕಬೇಕು. ಅದರ ಫಂಕ್ಷನ್ ಥಟ್ಟನೆ ಮುಗಿಯಬೇಕು. ತಡವಾದರೆ ಎಲ್ಲೆಡೆ ಟೈಪಿಂಗ್ ನಿಧಾನವಾಗುತ್ತದೆ. ವಿಂಡೋಸ್ 7ರಿಂದೀಚೆಗೆ ಅಂಥ ಹುಕ್ ಅನ್ನು ವ್ಯವಸ್ಥೆಯೇ ಸೂಚನೆಯಿಲ್ಲದೆ ತೆಗೆದುಹಾಕಬಹುದು. ಬೇಡದ ಕೀಲಿಯನ್ನು ತಡೆಯದೆ ಮುಂದಿನ ಹುಕ್‌ಗೆ ಸಾಗಿಸಬೇಕು.

ಮ್ಯಾಕ್‌ನಲ್ಲಿ ಹೀಗೆ ಪ್ರತಿ ಕೀಲಿಯನ್ನೂ ಗುರುತಿಸಲು ಬಳಕೆದಾರರ ಅನುಮತಿ ಕಡ್ಡಾಯ. ಲಿನಕ್ಸ್‌ನ ವೇಲ್ಯಾಂಡ್ ಒಂದು ಅಪ್ಲಿಕೇಶನ್‌ನ ಕೀಲಿಗಳನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಅಲ್ಲಿ ಭಾಷಾ ಟೈಪಿಂಗ್‌ಗೆ ಐಬಸ್‌ನಂಥ ವ್ಯವಸ್ಥೆಯೇ ಸರಿದಾರಿ.

ಅಂಗಡಿಯ ಕೀಬೋರ್ಡಿನಲ್ಲಿ ಜನರ ಆಧಾರ್ ಸಂಖ್ಯೆ, ಪಾಸ್‌ವರ್ಡ್‌ಗಳೂ ಟೈಪ್ ಆಗುತ್ತವೆ. ಒತ್ತಿದ ಕೀಲಿಗಳನ್ನು ಎಲ್ಲಿಯೂ ಉಳಿಸಬಾರದು, ಕಳುಹಿಸಬಾರದು. ಪ್ರೋಗ್ರಾಂ ಚಾಲೂ ಇರುವುದು ಪರದೆಯಲ್ಲಿ ಕಾಣಬೇಕು. ಅದನ್ನು ನಿಲ್ಲಿಸುವುದು ಒಂದೇ ಕ್ಲಿಕ್ಕಿನ ಕೆಲಸವಾಗಿರಬೇಕು.