ಭತ್ತ ಒಡೆಯಲೂಬಾರದು, ತೆನೆಯಲ್ಲಿ ಉಳಿಯಲೂಬಾರದು

ಭತ್ತ ಕೊಯ್ಯುವ ಕಂಬೈನ್ ಯಂತ್ರದ ಟ್ಯಾಂಕಿನಲ್ಲಿ ಸಿಪ್ಪೆ ಸುಲಿದ ಕಾಳು, ಹಿಂದೆ ಬೀಳುವ ಹುಲ್ಲಿನಲ್ಲಿ ಉದುರದ ತೆನೆ, ಎರಡೂ ಒಟ್ಟಿಗೆ ಕಂಡರೆ ಬೆಳೆಯು ಒಕ್ಕುವ ಡ್ರಮ್ಮಿಗೆ ಒಂದೇ ಸಮನೆ ಹೋಗುತ್ತಿದೆಯೇ ಎಂದು ಮೊದಲು ನೋಡಿ. ಇಬ್ಬನಿ ಆರಿದ ಮೇಲೆ, ಕಾಳಿನ ತೇವಾಂಶ ಶೇ 20ರ ಆಸುಪಾಸು ಇರುವಾಗ ಕೊಯ್ಲು ಮಾಡಿಸಿ. ಚಾಲಕರು ಒಂದೇ ವೇಗದಲ್ಲಿ ಓಡಿಸಲಿ.

ಡ್ರಮ್ಮಿಗೂ ಕೆಳಗಿನ ಜಾಲರಿಗೂ ನಡುವಿನ ಅಂತರ ಎಡಬಲ ಸಮನಾಗಿದೆಯೇ ಅಳೆಸಿ. ಆಮೇಲೂ ಕಾಳು ಒಡೆದರೆ ಡ್ರಮ್ಮಿನ ವೇಗ ತಗ್ಗಿಸಿ. ತೆನೆಯಲ್ಲಿ ಉಳಿದರೆ ಅಂತರವನ್ನು ತುಸು ಕಿರಿದು ಮಾಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲ ಸ್ವಲ್ಪ ದೂರ ಕೊಯ್ದು, ಎಂಜಿನ್ ಪೂರ್ತಿ ನಿಲ್ಲಿಸಿ, ಹಿಡಿ ಭತ್ತ, ಹಿಡಿ ಹುಲ್ಲು ಕೈಯಲ್ಲಿ ಹಿಡಿದು ನೋಡಿ. ಬಾಡಿಗೆಯ ಗಂಟೆ ಓಡುತ್ತದೆಂದು ಇದನ್ನು ಬಿಡಬೇಡಿ.